ಫಾಯಿಲ್ ಲಿಫ್ಟರ್: ಒಂದೇ ಮೂಲೆ ಏಳುತ್ತಿದೆ, ಕಿಡಿ ಹಾರುತ್ತಿದೆ. ಬ್ಯಾಟರಿ ಹೊತ್ತು ಹಾರೋದು ಸಾಧ್ಯವೇ?

ತ್ರಿಕೋನ20 ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪಿಯು ವಿದ್ಯಾರ್ಥಿಗಳ ವಿಜ್ಞಾನ ಮೇಳಕ್ಕೆ ಲಿಫ್ಟರ್ ತಯಾರಾಗುತ್ತಿದೆ. ಗೊತ್ತಿಲ್ಲದವರಿಗೆ: ಹಗುರ ಕಡ್ಡಿಗಳ ತ್ರಿಕೋನ, ಕೆಳಭಾಗದಲ್ಲಿ ಸುತ್ತ ಅಲ್ಯೂಮಿನಿಯಂ ಫಾಯಿಲ್ ಪಟ್ಟಿ, ಅದರ ಮೇಲೆ ಕೂದಲೆಳೆಯಂಥ ತಂತಿ. ತಂತಿಗೂ ಫಾಯಿಲ್‌ಗೂ ನಡುವೆ 20-25 ಸಾವಿರ ವೋಲ್ಟ್ ಡಿಸಿ ಕೊಟ್ಟರೆ ಇಡೀ ಚೌಕಟ್ಟು ಮೇಲೇಳಬೇಕು. ಫ್ಯಾನ್ ಇಲ್ಲ, ತಿರುಗುವ ಭಾಗ ಒಂದೂ ಇಲ್ಲ.

ಈಗ ಇರೋದು ಹೀಗೆ:

- ತ್ರಿಕೋನದ ಬದಿ 20 ಸೆಂ.ಮೀ. ಬಾಲ್ಸಾ (ತುಂಬ ಹಗುರವಾದ ಮರ) ಸಿಗಲಿಲ್ಲ, ತೆಂಗಿನ ಪೊರಕೆ ಕಡ್ಡಿ ಹಾಕಿದೆ. ಅಂಟು ಗ್ಲೂ ಗನ್‌ನದು.
- ಫಾಯಿಲ್ ಅಡುಗೆಮನೆಯದು, 4 ಸೆಂ.ಮೀ. ಎತ್ತರ, ಕತ್ತರಿಯಲ್ಲಿ ಕತ್ತರಿಸಿ ಹಾಗೇ ಅಂಟಿಸಿದ್ದು.
- ತಂತಿ ಫ್ಲೆಕ್ಸಿಬಲ್ ವೈರ್ ಬಿಚ್ಚಿ ತೆಗೆದ ಒಂದೆಳೆ, 0.2 ಮಿ.ಮೀ.
- ತಂತಿಗೂ ಫಾಯಿಲ್ ಮೇಲಂಚಿಗೂ ಅಂತರ 20 ಮಿ.ಮೀ.
- ಒಟ್ಟು ತೂಕ 4.6 ಗ್ರಾಂ.
- ಹಳೇ ಕಲರ್ ಟಿವಿಯ ಎಲ್‌ಒಟಿ (ಪಿಕ್ಚರ್ ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್), ಅದನ್ನು ಓಡಿಸುವ ಝಡ್‌ವಿಎಸ್ ಡ್ರೈವರ್ ಸರ್ಕ್ಯೂಟ್, 12 ವೋಲ್ಟ್ ಎಸ್‌ಎಂಪಿಎಸ್ (ಪವರ್ ಸಪ್ಲೈ).

ಊರು ಬೆಂಗಳೂರು. ಸ್ವಿಚ್ ಹಾಕಿದರೆ ಬುಸ್ ಅನ್ನುತ್ತೆ, ಒಂದು ಮೂಲೆ ಅರ್ಧ ಇಂಚು ಏಳುತ್ತೆ, ಅಷ್ಟರಲ್ಲಿ ಇನ್ನೊಂದು ಮೂಲೆಯಲ್ಲಿ ಪಟ್ ಅಂತ ಕಿಡಿ ಹಾರಿ ಮತ್ತೆ ಕೂತುಬಿಡುತ್ತೆ. ಒಮ್ಮೆ ಡ್ರೈವರ್‌ನ ಮಾಸ್‌ಫೆಟ್ (ಸ್ವಿಚ್ ಕೆಲಸ ಮಾಡುವ ಟ್ರಾನ್ಸಿಸ್ಟರ್) ಕೂಡ ಸುಟ್ಟಿತು.

ಮೂರು ಪ್ರಶ್ನೆ. ಒಂದು, ತಪ್ಪು ಎಲ್ಲಿದೆ? ಎರಡು, ದೊಡ್ಡದಾಗಿ ಕಟ್ಟಿದರೆ ತನ್ನ ಬ್ಯಾಟರಿಯನ್ನೋ ಒಂದು ಕೆಜಿ ಕ್ಯಾಮೆರಾವನ್ನೋ ಎತ್ತಬಲ್ಲದೇ? ಮೂರು, ಇದು ಗುರುತ್ವವನ್ನೇ ರದ್ದು ಮಾಡುವ ವಿದ್ಯೆ ಅಂತ ಹೇಳೋರಿದ್ದಾರೆ, ಮಕ್ಕಳೂ ಅದನ್ನೇ ಕೇಳ್ತಾರೆ. ಏನು ಉತ್ತರ ಕೊಡಬೇಕು?

ಅಯಾನ್‌ಗಾಳಿ:

ಮೇಷ್ಟ್ರೇ, ಮೂರನೆಯದು ಸುಲಭ, ಅದನ್ನೇ ಮೊದಲು ಮುಗಿಸೋಣ. ಇದು ಬರೀ ಗಾಳಿ. ತಂತಿ ತೆಳುವಾಗಿರೋದರಿಂದ ಅದರ ಮೈಗೆ ಹತ್ತಿದಂತೆ ವಿದ್ಯುತ್ ಕ್ಷೇತ್ರ ವಿಪರೀತ. ಅಲ್ಲಿ ಗಾಳಿಯ ಅಣುಗಳು ಒಡೆದು ಅಯಾನುಗಳಾಗುತ್ತವೆ, ಇದೇ ಕರೋನಾ. ಅಯಾನುಗಳು ಫಾಯಿಲ್ ಕಡೆ ಓಡುವಾಗ ದಾರಿಯಲ್ಲಿ ಸಾದಾ ಅಣುಗಳಿಗೆ ಲಕ್ಷಗಟ್ಟಲೆ ಸಲ ಡಿಕ್ಕಿ ಹೊಡೆದು ಅವನ್ನೂ ಕೆಳಕ್ಕೆ ನೂಕುತ್ತವೆ. ಗಾಳಿ ಕೆಳಕ್ಕೆ, ಚೌಕಟ್ಟು ಮೇಲಕ್ಕೆ.

ಮಕ್ಕಳಿಗೆ ತೋರಿಸೋಕೆ ಮೂರು ಪರೀಕ್ಷೆ ಸಾಕು. ಹೊತ್ತಿಸಿದ ಅಗರಬತ್ತಿಯನ್ನು ಉದ್ದನೆಯ ಪ್ಲಾಸ್ಟಿಕ್ ಪೈಪಿನ ತುದಿಗೆ ಸಿಕ್ಕಿಸಿ ತಂತಿಯ ಮೇಲೆ ಹಿಡಿಯಿರಿ. ಮೇಲೆ ಹೋಗಬೇಕಾದ ಹೊಗೆ ಕೆಳಕ್ಕೆ ಎಳೆದುಕೊಂಡು ಹೋಗುತ್ತೆ. ಲಿಫ್ಟರನ್ನು ಅಡ್ಡ ಮಲಗಿಸಿ ದಾರದಲ್ಲಿ ತೂಗುಹಾಕಿ. ಅಡ್ಡಕ್ಕೇ ತಳ್ಳುತ್ತೆ, ಅಂದರೆ ಭೂಮಿ ಯಾವ ಕಡೆ ಇದೆ ಅನ್ನೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಪ್ಲಸ್ ಮೈನಸ್ ಅದಲುಬದಲು ಮಾಡಿ. ಆಗಲೂ ನೂಕು ತಂತಿಯ ದಿಕ್ಕಿಗೇ.

ಇದು ಹೊಸದೂ ಅಲ್ಲ. ಚೂಪು ಲೋಹದಿಂದ ಬೀಸುವ ವಿದ್ಯುತ್ ಗಾಳಿಯನ್ನು ಫ್ರಾನ್ಸಿಸ್ ಹಾಕ್ಸ್‌ಬೀ 1709ರಲ್ಲೇ ದಾಖಲಿಸಿದ್ದ. ಗುರುತ್ವದ ಕಥೆ ಶುರುವಾದದ್ದು ಥಾಮಸ್ ಟೌನ್‌ಸೆಂಡ್ ಬ್ರೌನ್‌ನಿಂದ, ಅವನ ಬ್ರಿಟಿಷ್ ಪೇಟೆಂಟ್ 1928ರದು. ಅಲೆಕ್ಸಾಂಡರ್ ಡಿ ಸೆವರ್‌ಸ್ಕಿ 1964ರಲ್ಲಿ ಪೇಟೆಂಟ್ ಪಡೆದಾಗ ಗುರುತ್ವದ ಸುದ್ದಿಗೆ ಹೋಗದೆ ಅಯಾನು ಗಾಳಿ ಅಂತಲೇ ಬರೆದ. 2004ರಲ್ಲಿ ಮಾರ್ಟಿನ್ ತಜ್ಮರ್ ಪ್ರಕಟಿಸಿದ ಪ್ರಯೋಗಗಳೂ ಬ್ರೌನ್ ಪರಿಣಾಮ ಅಂದುಕೊಂಡದ್ದು ಕರೋನಾ ಗಾಳಿಯೇ ಅಂತ ತೋರಿಸಿದವು.

ಎರಡನೆಯದಕ್ಕೆ ಒಂದು ಸಾಲಿನ ಸೂತ್ರ ಇದೆ: ನೂಕುಬಲ = ಕರೆಂಟ್ × ಅಂತರ ÷ ಅಯಾನಿನ ಚಲನಶೀಲತೆ. ಚಲನಶೀಲತೆ ಅಂದರೆ ಕ್ಷೇತ್ರದಲ್ಲಿ ಅಯಾನು ಎಷ್ಟು ಸಲೀಸಾಗಿ ಓಡುತ್ತೆ ಅನ್ನೋದರ ಅಳತೆ, ಗಾಳಿಯಲ್ಲಿ ಹತ್ತಿರ ಹತ್ತಿರ 0.0002 ಚ.ಮೀ. ಪ್ರತಿ ವೋಲ್ಟ್-ಸೆಕೆಂಡಿಗೆ. ನಿಮ್ಮ ಅಳತೆಯ ಲಿಫ್ಟರಿಗೆ 24 ಕಿಲೋವೋಲ್ಟ್, 30 ಮಿ.ಮೀ. ಅಂತರ, ಅರ್ಧ ಮಿಲಿಆಂಪ್ ಹಿಡಿಯಿರಿ. ಬಲ 0.075 ನ್ಯೂಟನ್, ಅಂದರೆ 7.6 ಗ್ರಾಂ ಎತ್ತುವಷ್ಟು. ಇದು ಕಾಗದದ ಲೆಕ್ಕ. ಫಾಯಿಲ್ ಮೈಗೆ ಗಾಳಿ ಉಜ್ಜಿ ಹೋಗುವುದರಿಂದ ಕೈಗೆ ಸಿಗೋದು 5 ಗ್ರಾಂ ಆಸುಪಾಸು. ನಿಮ್ಮದು 4.6 ಗ್ರಾಂ ತೂಗ್ತಿದೆ. ಯಾಕೆ ಕುಂಟುತ್ತೆ ಅಂತ ಇಲ್ಲೇ ಅರ್ಥವಾಗುತ್ತೆ.

ಈಗ ಖರ್ಚು. 24 ಕಿಲೋವೋಲ್ಟ್ × 0.5 ಮಿಲಿಆಂಪ್ = 12 ವ್ಯಾಟ್. ಕಾಗದದ ಲೆಕ್ಕದಲ್ಲೇ ವ್ಯಾಟ್‌ಗೆ 0.64 ಗ್ರಾಂ. ಸಾಧಾರಣ ಡ್ರೋನ್ ರೆಕ್ಕೆ ವ್ಯಾಟ್‌ಗೆ 7-10 ಗ್ರಾಂ ಎತ್ತುತ್ತೆ. ಒಂದು ಕೆಜಿ ಕ್ಯಾಮೆರಾಕ್ಕೆ ಲಿಫ್ಟರ್ ಕೇಳೋದು 1.6 ಕಿಲೋವ್ಯಾಟ್, ಡ್ರೋನ್ ಕೇಳೋದು 100-150 ವ್ಯಾಟ್.

ಹಾಗಾದರೆ ಅಂತರ ಹೆಚ್ಚಿಸಿ ಕ್ಷೇತ್ರ ಇಳಿಸಿದರೆ? ಇಲ್ಲೇ ಇರೋದು ಇಕ್ಕಟ್ಟು. ಕ್ಷೇತ್ರ ಅರ್ಧಕ್ಕೆ ಇಳಿದರೆ ವ್ಯಾಟ್‌ಗೆ ಸಿಗುವ ಬಲ ಎರಡು ಪಟ್ಟು, ಆದರೆ ಪ್ರತಿ ಚದರ ಮೀಟರಿಗೆ ಸಿಗುವ ಬಲ ಕಾಲು ಭಾಗ. ಸೆಂ.ಮೀ.ಗೆ 8 ಕಿಲೋವೋಲ್ಟ್ ಇದ್ದಾಗ ಚದರ ಮೀಟರಿಗೆ ಹೆಚ್ಚೆಂದರೆ 6.4 ನ್ಯೂಟನ್. ಕ್ಯಾಮೆರಾಕ್ಕೇ ಒಂದೂವರೆ ಚದರ ಮೀಟರ್ ಬೇಕು. ಕ್ಷೇತ್ರ ಅರ್ಧ ಮಾಡಿದರೆ 6 ಚದರ ಮೀಟರ್, ಸಣ್ಣ ಕೋಣೆಯ ನೆಲದಷ್ಟು. ಅಷ್ಟು ದೊಡ್ಡ ಚೌಕಟ್ಟಿನ ಸ್ವಂತ ತೂಕ ಯಾರು ಹೊರೋದು?

ಕಿಡಿಗಣ್ಣ:

ಒಂದನೇ ಪ್ರಶ್ನೆಗೆ: ತಂತಿ ಬದಲಿಸಿ ಸರ್. 0.2 ಅಂದರೆ ಹಗ್ಗ ಇದ್ದ ಹಾಗೆ. ಹಳೇ ಭಾರದ ಅಡಾಪ್ಟರ್ ಇದ್ದರೆ ಅದರ ಪ್ರೈಮರಿ ಸುತ್ತು ಬಿಚ್ಚಿ, 42-44 ಗೇಜ್ ತಂತಿ ಸಿಗುತ್ತೆ, 0.1 ಮಿ.ಮೀ. ಅಥವಾ ಅದಕ್ಕೂ ಸಣ್ಣದು. ಎನಾಮಲ್ ಇರುತ್ತೆ, ನಯವಾದ ಸ್ಯಾಂಡ್‌ಪೇಪರ್ ಮಡಚಿ ಎರಡು ಬೆರಳ ನಡುವೆ ಹಿಡಿದು ಒಂದೇ ಸಲ ಎಳೆಯಿರಿ. ಎರಡನೇ ಸಲ ಎಳೆದರೆ ತುಂಡಾಗುತ್ತೆ.

ದಾರದಳತೆ:

ಕಿಡಿಗಣ್ಣ ಅವರ ಸಲಹೆ ಸರಿ, ಆದರೆ ಮುಖ್ಯ ಕಳ್ಳ ತಂತಿ ಅಲ್ಲ. ಕರೋನಾ ಯಾವ ವೋಲ್ಟೇಜಿಗೆ ಶುರುವಾಗುತ್ತೆ ಅಂತ ಹೇಳುವ ಪೀಕ್ ಸೂತ್ರದಲ್ಲಿ ಹಾಕಿ ನೋಡಿ. 30 ಮಿ.ಮೀ. ಅಂತರದಲ್ಲಿ 0.1 ಮಿ.ಮೀ. ತಂತಿಗೆ ಕರೋನಾ ಶುರುವಾಗೋದು ಸುಮಾರು 6 ಕಿಲೋವೋಲ್ಟ್‌ನಲ್ಲಿ, 0.2ಕ್ಕೆ ಸುಮಾರು 8ರಲ್ಲಿ, 0.5ಕ್ಕೆ 12ರಲ್ಲಿ. 24 ಕಿಲೋವೋಲ್ಟ್‌ನಲ್ಲಿ ಓಡಿಸುವಾಗ 0.2ರಿಂದ 0.1ಕ್ಕೆ ಬಂದರೆ ಕರೆಂಟ್ ಹತ್ತು ಹನ್ನೆರಡು ಪರ್ಸೆಂಟ್ ಹೆಚ್ಚೀತು, ಅಷ್ಟೇ. ಫ್ಲೆಕ್ಸಿಬಲ್ ವೈರಿನ ಎಳೆಯಲ್ಲಿ ನಿಜವಾದ ತೊಂದರೆ ಅದರ ಸುರುಳಿ. ಹೆಣೆದಿದ್ದ ಗುರುತು ಉಳಿದು ಅಲ್ಲಲ್ಲಿ ಡೊಂಕಾಗಿರುತ್ತೆ, ಡೊಂಕು ಫಾಯಿಲ್ ಕಡೆ ತಿರುಗಿದಲ್ಲಿ ಅಂತರ ಎರಡು ಮಿ.ಮೀ. ಕಡಿಮೆ. ಕಿಡಿ ಅಲ್ಲೇ.

ಇನ್ನು ನಿಜವಾದ ತಪ್ಪುಗಳು, ದೊಡ್ಡದರಿಂದ ಸಣ್ಣದಕ್ಕೆ:

20 ಮಿ.ಮೀ. ಅಂತರ ಸಾಲದು. ಲಿಫ್ಟರಿನಲ್ಲಿ ಕಿಲೋವೋಲ್ಟ್‌ಗೆ 1 ಮಿ.ಮೀ. ಅನ್ನೋದು ಕನಿಷ್ಠ ಲೆಕ್ಕ. ಬೆಂಗಳೂರು 900 ಮೀಟರ್ ಮೇಲಿದೆ, ಗಾಳಿ ಮಂಗಳೂರಿಗಿಂತ ಹತ್ತಿರ ಹತ್ತಿರ ಶೇ. 10 ತೆಳು, ಕಿಡಿಯೂ ಅಷ್ಟು ಬೇಗ ಹಾರುತ್ತೆ. 30 ಮಿ.ಮೀ. ಇಡಿ. ಮಂಗಳೂರಿನವರು ನಕ್ಕು ಬಿಡಬೇಡಿ, ನಿಮ್ಮಲ್ಲಿ ತೇವದಿಂದ ಕಡ್ಡಿಯ ಮೈಮೇಲೆ ಸೋರಿಕೆ ಜಾಸ್ತಿ.

ಫಾಯಿಲ್‌ನ ಮೇಲಂಚು. ಕತ್ತರಿಯಲ್ಲಿ ಕತ್ತರಿಸಿದ ಅಂಚು ಬ್ಲೇಡ್ ಇದ್ದ ಹಾಗೆ. ಅಲ್ಲಿಂದಲೂ ಕರೋನಾ ಹುಟ್ಟಿ ಉಲ್ಟಾ ಅಯಾನು ಮೇಲಕ್ಕೆ ಹೊರಡುತ್ತೆ. ಬಲ ಹೋಯಿತು, ಮೇಲೆ ಕಿಡಿಗೆ ದಾರಿ ಬೇರೆ. ಅಂಚು ಕನಿಷ್ಠ 2-3 ಮಿ.ಮೀ. ತ್ರಿಜ್ಯಕ್ಕೆ ದುಂಡಗಿರಬೇಕು.

ರಾತ್ರಿ ದೀಪ ಆರಿಸಿ, ಕತ್ತಲೆಗೆ ಕಣ್ಣು ಹೊಂದಲು ಐದು ನಿಮಿಷ ಬಿಟ್ಟು ಆಮೇಲೆ ಸ್ವಿಚ್ ಹಾಕಿ. ಪಾಸಿಟಿವ್ ತಂತಿಯ ಉದ್ದಕ್ಕೂ ತೆಳು ನೇರಳೆ ಪೊರೆ ಒಂದೇ ಸಮನೆ ಕಂಡರೆ ತಂತಿ ಸರಿ ಇದೆ. ಫಾಯಿಲ್ ಅಂಚಿನಲ್ಲಿ ಸೂಜಿಮೊನೆಯಷ್ಟು ಬೆಳಕಿನ ಚುಕ್ಕೆ ಕಂಡರೆ ಅದೇ ನಿಮ್ಮ ಶತ್ರು. ಎಲ್ಲಿದೆ ಅಂತ ಗುರುತಿಟ್ಟುಕೊಂಡು, ಪವರ್ ತೆಗೆದು, ಡಿಸ್‌ಚಾರ್ಜ್ ಮಾಡಿದ ಮೇಲೆ ಚಮಚದ ಬೆನ್ನಿನಿಂದ ಆ ಜಾಗ ಉಜ್ಜಿ. ಚುಕ್ಕೆ ಮಾಯವಾಗುವವರೆಗೂ ಇದೇ ಕೆಲಸ.

ತೂಕ. ಪೊರಕೆ ಕಡ್ಡಿ ಮೀಟರಿಗೆ ಒಂದೂವರೆಯಿಂದ ಎರಡು ಗ್ರಾಂ. 2×2 ಮಿ.ಮೀ. ಬಾಲ್ಸಾ ಮೀಟರಿಗೆ ಅರ್ಧ ಗ್ರಾಂ ಚಿಲ್ಲರೆ. ಬಾಲ್ಸಾ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ: ಥರ್ಮೋಕೋಲ್ ಹಾಳೆಯನ್ನು 5×5 ಮಿ.ಮೀ. ಪಟ್ಟಿಯಾಗಿ ಸೀಳಿ, ಅದೂ ಮೀಟರಿಗೆ ಅರ್ಧ ಗ್ರಾಂ. ಪೊರಕೆ ಕಡ್ಡಿ ತೇವ ಹೀರಿ ಸ್ವಲ್ಪ ವಿದ್ಯುತ್ತನ್ನೂ ಬಿಡುತ್ತೆ, ಥರ್ಮೋಕೋಲ್ ಬಿಡೋದಿಲ್ಲ. ಅಂಟಿಗೆ ಫೆವಿಕಾಲ್ ಸಾಕು. ಫೆವಿಕ್ವಿಕ್ ಹಾಕಿದರೆ ಥರ್ಮೋಕೋಲ್ ಕರಗಿ ಗುಂಡಿ ಬೀಳುತ್ತೆ. ಅದು ಬಾಲ್ಸಾಗೆ ಮಾತ್ರ. ಗ್ಲೂ ಗನ್ ಮುಟ್ಟಲೇಬೇಡಿ, ಒಂಬತ್ತು ಜಾಯಿಂಟಿಗೆ ಒಂದು ಗ್ರಾಂ ಮೀರಿ ತೂಗುತ್ತೆ.

ಕಟ್ಟುವ ಕ್ರಮ. ಮೂರು ಕಂಬ, 9 ಸೆಂ.ಮೀ. ಉದ್ದ. ಕೆಳಗೊಂದು ತ್ರಿಕೋನ, ಅದಕ್ಕಿಂತ 4 ಸೆಂ.ಮೀ. ಮೇಲೆ ಇನ್ನೊಂದು. ಮೇಲಿನದಕ್ಕೆ ಥರ್ಮೋಕೋಲ್ ಪಟ್ಟಿಯನ್ನೇ ಹಾಕಿ ಅದರ ಮೂಲೆಗಳನ್ನು ಸ್ಯಾಂಡ್‌ಪೇಪರಿನಲ್ಲಿ ದುಂಡಗೆ ಮಾಡಿ. ಫಾಯಿಲ್ 5 ಸೆಂ.ಮೀ. ಅಗಲ ಕತ್ತರಿಸಿ, ಹೆಚ್ಚಿನ 1 ಸೆಂ.ಮೀ. ಭಾಗವನ್ನು ಆ ದುಂಡು ಪಟ್ಟಿಯ ಮೇಲಿಂದ ಒಳಕ್ಕೆ ಮಡಚಿ. ಅಡುಗೆಮನೆಯ 11 ಮೈಕ್ರಾನ್ ಫಾಯಿಲ್ ಆದರೆ ಮೂರು ಬದಿಗೆ 0.9 ಗ್ರಾಂ. ತ್ರಿಕೋನದ ಮೂಲೆಯಲ್ಲಿ ಫಾಯಿಲ್ ತುಂಡರಿಸಬೇಡಿ, ಒಂದೇ ಪಟ್ಟಿಯನ್ನು ಬೆರಳಿನಿಂದ ಬಾಗಿಸಿ ಸುತ್ತಿ. ಕೊನೆಯಲ್ಲಿ ತಂತಿ. ಪ್ರತಿ ಕಂಬದ ಮೇಲೂ ಅಳೆದು 30 ಮಿ.ಮೀ.ಗೆ ಬ್ಲೇಡಿನಿಂದ ಗೀರು ಹಾಕಿ ಅದರಲ್ಲಿ ಕೂರಿಸಿ. ತುಂಬ ಬಿಗಿದರೆ ಚೌಕಟ್ಟು ತಿರುಚಿಕೊಳ್ಳುತ್ತೆ, ಸಡಿಲ ಬಿಟ್ಟರೆ ಪವರ್ ಬಂದಾಗ ತಂತಿ ಫಾಯಿಲ್ ಕಡೆ ಸೆಳೆದುಕೊಂಡು ನಡುಗಿ ಕಿಡಿ ಹಾರಿಸುತ್ತೆ. ಎಲ್ಲ ಸೇರಿ 2 ಗ್ರಾಂ ಸುತ್ತ ನಿಲ್ಲಬೇಕು.

ಒಂದೇ ಮೂಲೆ ಏಳೋದು ಅಂತರ ಸಮ ಇಲ್ಲದ್ದರ ಲಕ್ಷಣ. ಅಂತರ ಕಡಿಮೆ ಇರುವ ಬದಿ ಹೆಚ್ಚು ಕರೆಂಟ್ ಕುಡಿದು ಮೊದಲು ಏಳುತ್ತೆ. 1 ಮಿ.ಮೀ. ವ್ಯತ್ಯಾಸವೂ ಕಾಣುತ್ತೆ.

ಇನ್ನೆರಡು ಸಣ್ಣವು. ಲಿಫ್ಟರಿಗೆ ಕರೆಂಟ್ ಕೊಡುವ ಎರಡೂ ತಂತಿಗಳು ಅದೇ 42 ಗೇಜ್‌ನವೇ ಇರಲಿ, ದಪ್ಪ ಎಚ್‌ಟಿ (ಹೈ ವೋಲ್ಟೇಜ್) ಕೇಬಲ್ ನೇತುಹಾಕಿದರೆ ಅದರ ಭಾರಕ್ಕೇ ಬೀಳುತ್ತೆ. ಮೇಜಿಗೆ ಕಟ್ಟುವ ಮೂರು ದಾರ ನೈಲಾನ್ ಗಾಳದ ದಾರವೇ ಆಗಬೇಕು. ಹತ್ತಿ ದಾರ ತೇವ ಹಿಡಿದು ಸೋರುತ್ತೆ.

ಇಎಚ್‌ಟಿ_ಬೆಂಚು:

ಪವರ್ ಸಪ್ಲೈ ಬಗ್ಗೆ ಯಾರೂ ಹೇಳಿಲ್ಲ, ಮಾಸ್‌ಫೆಟ್ ಸುಟ್ಟದ್ದು ಅಲ್ಲೇ.

ಝಡ್‌ವಿಎಸ್ ಡ್ರೈವರಿಗೆ ವೋಲ್ಟೇಜ್ ಒಮ್ಮೆಲೇ ಬರಬೇಕು. ಎಸ್‌ಎಂಪಿಎಸ್ ನಿಧಾನ ಏರಿದರೆ ಅಥವಾ ಕಿಡಿ ಹಾರಿದಾಗ ಓವರ್‌ಲೋಡ್ ಆಗಿ ಕುಸಿದರೆ ಆಂದೋಲನ ನಿಲ್ಲುತ್ತೆ, ಎರಡೂ ಮಾಸ್‌ಫೆಟ್ ಒಟ್ಟಿಗೆ ಆನ್ ಆಗಿ ಕೂರುತ್ತವೆ, ಸೆಕೆಂಡಿನಲ್ಲಿ ಹೊಗೆ. ಯುಪಿಎಸ್‌ನ 12 ವೋಲ್ಟ್ 7 ಎಎಚ್ ಬ್ಯಾಟರಿ, 10 ಆಂಪ್ ಫ್ಯೂಸ್, ಒಂದು ಗಟ್ಟಿ ಸ್ವಿಚ್: ಇಷ್ಟಿದ್ದರೆ ಆ ಕಾಟ ಇಲ್ಲ.

ಭಾಗಗಳು: ಐಆರ್‌ಎಫ್‌ಪಿ250 ಎರಡು, ಹೀಟ್‌ಸಿಂಕ್ ಬೇರೆ ಬೇರೆ ಅಥವಾ ಮೈಕಾ ಹಾಳೆ ಹಾಕಿ, ಗೇಟಿಗೆ 470 ಓಂ, ಗೇಟ್‌ನಿಂದ ಸೋರ್ಸ್‌ಗೆ 10 ಕಿಲೋಓಂ ಮತ್ತು 12 ವೋಲ್ಟ್ ಝೀನರ್, ಯುಎಫ್4007 ಎರಡು, ಸಾದಾ 1ಎನ್4007 ನಿಧಾನ, ಬೇಡ, 100 ಮೈಕ್ರೋಹೆನ್ರಿ ಚೋಕ್. ರೆಸೊನೆನ್ಸ್ ಕೆಪಾಸಿಟರ್ ಸುಮಾರು 0.6 ಮೈಕ್ರೋಫ್ಯಾರಡ್, ಪಾಲಿಪ್ರೊಪಿಲೀನ್. ಕೆಟ್ಟ ಇಂಡಕ್ಷನ್ ಸ್ಟವ್‌ನಿಂದ 0.3ರ ಎರಡು ತೆಗೆದು ಪ್ಯಾರಲಲ್ ಹಾಕಿದರೆ ಪಕ್ಕಾ. ಎಲೆಕ್ಟ್ರೋಲಿಟಿಕ್ ಹಾಕಿದರೆ ಸಿಡಿಯುತ್ತೆ. ಎಲ್‌ಒಟಿಯ ಹೊರಗೆ ಕಾಣುವ ಫೆರೈಟ್ ಕಾಲಿಗೆ ದಪ್ಪ ವೈರ್ 5+5 ಸುತ್ತು, ನಡುವೆ ಟ್ಯಾಪ್. 24 ವೋಲ್ಟ್‌ಗೆ ಏರಿಸುವ ಆಸೆ ಬೇಡ, ಲೋಡ್ ಇಲ್ಲದಾಗ ಔಟ್‌ಪುಟ್ 30 ಕಿಲೋವೋಲ್ಟ್ ದಾಟಿ ಒಳಗಿನ ಡಯೋಡ್ ತೂತಾಗುತ್ತೆ. ತೂತಾದ ಎಲ್‌ಒಟಿ ಕಿಡಿ ಹಾರಿಸುತ್ತೆ, ಲಿಫ್ಟರ್ ಎತ್ತುವುದಿಲ್ಲ. ತುಂಬಾ ಜನ ಇಲ್ಲೇ ಮೋಸ ಹೋಗ್ತಾರೆ. ಬೇರೆ ಎಲ್‌ಒಟಿ ಬೇಕಾದರೆ ಬೆಂಗಳೂರಿನ ಎಸ್‌ಪಿ ರೋಡ್ ಅಂಗಡಿಗಳ ಕಡೆ ವಿಚಾರಿಸಿ, ಇಲ್ಲವೇ ಹಳೇ ಟಿವಿ ರಿಪೇರಿಯವರ ಹತ್ತಿರ.

ಟಿವಿಯಲ್ಲಿ ಪಿಕ್ಚರ್ ಟ್ಯೂಬೇ ಕೆಪಾಸಿಟರ್ ಕೆಲಸ ಮಾಡುತ್ತಿತ್ತು. ಇಲ್ಲಿ ಅದಿಲ್ಲ, ಲಿಫ್ಟರಿಗೆ ಸಿಗೋದು ಗುದ್ದುಗುದ್ದಾದ ಡಿಸಿ. 500 ಪಿಕೋಫ್ಯಾರಡ್, 30 ಕಿಲೋವೋಲ್ಟ್‌ನ ಸಿರಾಮಿಕ್ ಕೆಪಾಸಿಟರ್ ಸೇರಿಸಿದರೆ ಸಪಾಟಾಗುತ್ತೆ. ಸೇರಿಸಿದ ಮೇಲೆ ಅದು ಸ್ವಿಚ್ ಆಫ್ ಆದರೂ ಚಾರ್ಜ್ ಹಿಡಿದಿರುತ್ತೆ ಅನ್ನೋದು ನೆನಪಿರಲಿ. ಸರಣಿಯಲ್ಲಿ 10 ಕಿಲೋಓಂನ 20 ರೆಸಿಸ್ಟರ್ ಸಾಲಾಗಿ ಬೆಸೆದು ಹಾಕಿದರೆ ಕಿಡಿ ಹಾರಿದಾಗ ಎಲ್‌ಒಟಿ ಉಳಿಯುತ್ತೆ. ಅರ್ಧ ಮಿಲಿಆಂಪ್‌ಗೆ ಅದರಲ್ಲಿ ನಷ್ಟವಾಗೋದು 100 ವೋಲ್ಟ್, ಲೆಕ್ಕಕ್ಕಿಲ್ಲ.

ವೋಲ್ಟೇಜ್ ಅಳತೆಗೆ ಒಂದು ಡಿವೈಡರ್ ಕಟ್ಟಿಕೊಳ್ಳಿ: 10 ಮೆಗಾಓಂನ 100 ರೆಸಿಸ್ಟರ್ ಸಾಲಾಗಿ ಬೆಸೆದು, ಪಿವಿಸಿ ಪೈಪಿನೊಳಗೆ ಇಟ್ಟು, ಕೆಳತುದಿಯಲ್ಲಿ 1 ಮೆಗಾಓಂ. ಅದರ ಮೇಲಿನ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ನೋಡಿ. ಒಂದು ವೋಲ್ಟ್ ಅಂದರೆ ಒಂದು ಕಿಲೋವೋಲ್ಟ್, ಹೆಚ್ಚು ಕಡಿಮೆ. ಆಫ್ ಮಾಡಿದ ಮೇಲೆ ಚಾರ್ಜ್ ಇಳಿಸುವ ಕೆಲಸವನ್ನೂ ಇದೇ ಸಾಲು ಮಾಡುತ್ತೆ. ಹಾಗಂತ ಅದನ್ನೇ ನಂಬಿ ಕೈ ಹಾಕಬೇಡಿ.

ಮೇಳದಲ್ಲಿ ಮಕ್ಕಳಿರ್ತಾರೆ, ಆದ್ದರಿಂದ ಇದು ಸಲಹೆ ಅಲ್ಲ, ಷರತ್ತು. ಎಲ್‌ಒಟಿಯ ಎಚ್‌ಟಿ ರಿಟರ್ನ್ ಪಿನ್ ನಿಜವಾದ ಅರ್ತಿಂಗ್‌ಗೆ. ಲಿಫ್ಟರ್ ಅಕ್ರಿಲಿಕ್ ಪೆಟ್ಟಿಗೆಯೊಳಗೆ, ಗೋಡೆಗಳಿಂದ ಕನಿಷ್ಠ 30 ಸೆಂ.ಮೀ. ದೂರ, ಮೇಲೆ ಕೆಳಗೆ ಗಾಳಿಗೆ ಜಾಗ. ಒತ್ತಿ ಹಿಡಿದಾಗ ಮಾತ್ರ ಆನ್ ಇರುವ ಸ್ವಿಚ್, ಅದು ಮೇಷ್ಟ್ರ ಕೈಯಲ್ಲಿ. ಎರಡಡಿ ಪಿವಿಸಿ ಪೈಪಿನ ತುದಿಗೆ ಅರ್ತ್ ವೈರ್ ಕಟ್ಟಿ, ಪ್ರತಿ ಸಲ ಮುಟ್ಟುವ ಮೊದಲು ತಂತಿಗೂ ಕೆಪಾಸಿಟರಿಗೂ ತಾಗಿಸಿ. ಪೇಸ್‌ಮೇಕರ್ ಇರುವವರು ಹತ್ತಿರ ಬರಬಾರದು ಅಂತ ಬೋರ್ಡ್ ಹಾಕಿ. ಗುಡುಗು ಮಳೆಯ ಹೊತ್ತಿನ ಘಾಟು ವಾಸನೆ ಬರುತ್ತಲ್ಲ, ಅದು ಓಝೋನ್. ಕಿಟಕಿ ತೆರೆದು, ಒಂದೊಂದು ಸಲಕ್ಕೆ ಅರ್ಧ ನಿಮಿಷ ಸಾಕು. ಟಿವಿಯಿಂದ ಎಲ್‌ಒಟಿ ತೆಗೆಯುವಾಗ ಮೊದಲು ಟ್ಯೂಬಿನ ರಬ್ಬರ್ ಕಪ್ಪಿನಡಿ ಡಿಸ್‌ಚಾರ್ಜ್ ಮಾಡಬೇಕು, ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದ ಟಿವಿಯಾದರೂ ಸರಿ.

ಬೇಸಿಗೆರಜೆ:

ನನ್ನ ಹತ್ತಿರ ಮೈಕ್ರೋವೇವ್ ಓವನ್ ಟ್ರಾನ್ಸ್‌ಫಾರ್ಮರ್ ಇದೆ. ಕರೆಂಟ್ ಜಾಸ್ತಿ ಕೊಡುತ್ತಲ್ಲ, ಇನ್ನೂ ಜೋರಾಗಿ ಏಳಲ್ವಾ?

ಇಎಚ್‌ಟಿ_ಬೆಂಚು:

ಬೇಡ ತಮ್ಮಾ. ಅದು ಕೊಡೋದು 2 ಕಿಲೋವೋಲ್ಟ್ ಸುತ್ತ. ಕರೋನಾ ಶುರುವಾಗೋಕೇ 6 ಬೇಕು ಅಂತ ಮೇಲೆ ಲೆಕ್ಕ ಇದೆ, ಬುಸ್ ಅನ್ನೋ ಸದ್ದೂ ಬರೋಲ್ಲ. ಬರೋದು ನೂರಾರು ಮಿಲಿಆಂಪ್, ಮುಟ್ಟಿದರೆ ಎರಡನೇ ಅವಕಾಶ ಇಲ್ಲ. ಲಿಫ್ಟರಿಗೆ ಬೇಕಾದ್ದು ವೋಲ್ಟೇಜ್ ಹೆಚ್ಚು, ಕರೆಂಟ್ ಚೂರೇ ಚೂರು. ಅದನ್ನು ಗುಜರಿಗೆ ಹಾಕಿ.

ಅಯಾನ್‌ಗಾಳಿ:

ಬ್ಯಾಟರಿ ಹೊರುವ ವಿಷಯ ಬಾಕಿ ಉಳಿದಿತ್ತು. 2 ಗ್ರಾಂ ಲಿಫ್ಟರ್ 5 ಎತ್ತಿದರೆ ಉಳಿಯೋದು 3 ಗ್ರಾಂ. ಅದರಲ್ಲಿ 12 ವ್ಯಾಟಿನ ಲಿಪೋ ಬ್ಯಾಟರಿ ಮತ್ತು 3.7 ವೋಲ್ಟನ್ನು 24 ಸಾವಿರಕ್ಕೆ ಏರಿಸುವ ಸರ್ಕ್ಯೂಟ್ ಎರಡೂ ಹಿಡಿಯಬೇಕು. ಬ್ಯಾಟರಿಗೇ 3 ಗ್ರಾಂ ಹೋಯಿತು, ಅದೂ ಒಂದು ನಿಮಿಷದ ಹಾರಾಟಕ್ಕೆ. ಸರ್ಕ್ಯೂಟಿಗೆ, ಅಯಾನು ಗಾಳಿಯಿಂದ ವಿಮಾನ ಹಾರಿಸಿದ ಅಮೆರಿಕದ ಎಂಐಟಿಯವರ ಮಟ್ಟದ ಕೆಲಸಗಾರಿಕೆ ಇದ್ದರೂ ಕೆಜಿಗೆ 1.2 ಕಿಲೋವ್ಯಾಟ್, ಅಂದರೆ ಇನ್ನೂ 10 ಗ್ರಾಂ. ದೊಡ್ಡದು ಕಟ್ಟಿದರೆ ಬಲ, ವಿದ್ಯುತ್ ಬೇಡಿಕೆ, ತೂಕ ಎಲ್ಲವೂ ಒಟ್ಟಿಗೇ ಹೆಚ್ಚುವುದರಿಂದ ಗಾತ್ರದಿಂದ ಲಾಭ ಇಲ್ಲ.

ಎಂಐಟಿ ವಿಮಾನ ಹಾರಿತಲ್ಲ ಅಂತ ಯಾರಾದರೂ ಕೇಳೇ ಕೇಳ್ತಾರೆ. ಹಾರಿತು, 2018ರ ನವೆಂಬರ್‌ನಲ್ಲಿ ನೇಚರ್‌ನಲ್ಲಿ ಪ್ರಕಟವಾಯಿತು, ಸ್ಟೀವನ್ ಬ್ಯಾರೆಟ್ ತಂಡದ್ದು. 5 ಮೀಟರ್ ರೆಕ್ಕೆ, 2.45 ಕೆಜಿ, 40 ಕಿಲೋವೋಲ್ಟ್, ಒಳಾಂಗಣದಲ್ಲಿ ಸುಮಾರು 60 ಮೀಟರ್ ದೂರ, ಬ್ಯಾಟರಿ ಮೈಮೇಲೇ. ಆದರೆ ಅದನ್ನು ಎತ್ತಿ ಹಿಡಿದದ್ದು ರೆಕ್ಕೆ. 24 ನ್ಯೂಟನ್ ತೂಕಕ್ಕೆ ಅಯಾನು ಗಾಳಿ ಕೊಟ್ಟ ನೂಕು 3.2 ನ್ಯೂಟನ್ ಮಾತ್ರ, ಅದೂ ಮುಂದಕ್ಕೆ. ನಿಂತಲ್ಲೇ ತೇಲಬೇಕು ಅಂದಿದ್ದರೆ ಏಳೆಂಟು ಪಟ್ಟು ಬಲ ಬೇಕಿತ್ತು, ಆ ವಿಮಾನ ನೆಲ ಬಿಡುತ್ತಿರಲಿಲ್ಲ.

ಹಾಗಾಗಿ ಮನೆಯಲ್ಲಿ ಮುಂದುವರಿಸುವ ಮನಸ್ಸಿದ್ದರೆ ತೂಕದ ಹೊರೆಯನ್ನು ಅಯಾನಿನ ತಲೆಯಿಂದ ಇಳಿಸಿ. ಹೀಲಿಯಂ ಲೀಟರಿಗೆ ಸುಮಾರು 1 ಗ್ರಾಂ ಎತ್ತುತ್ತೆ. 40-50 ಲೀಟರ್ ಫಾಯಿಲ್ ಬಲೂನಿಗೆ ಬ್ಯಾಟರಿ, ಸಣ್ಣ ಹೈ ವೋಲ್ಟೇಜ್ ಮಾಡ್ಯೂಲ್, ಹಗುರ ಅಯಾನು ನೂಕುಯಂತ್ರ ಹೊರಿಸಿ ಸಮತೂಕ ಮಾಡಿದರೆ ಎರಡು ಗ್ರಾಂ ಬಲವೂ ಅದನ್ನು ಕೋಣೆಯ ಉದ್ದಕ್ಕೂ ತೇಲಿಸಿಕೊಂಡು ಹೋಗುತ್ತೆ. ಹೈಡ್ರೋಜನ್ ತುಂಬಬೇಡಿ, ಪಕ್ಕದಲ್ಲೇ ಕಿಡಿ ಇದೆ. ಬಲೂನಿನ ಮೈ ಅಲ್ಯೂಮಿನಿಯಂ ಲೇಪದ್ದು, ಅದನ್ನು ತಂತಿಯಿಂದ ಹತ್ತು ಸೆಂ.ಮೀ.ಗಿಂತ ದೂರ ಇಡಿ.

ದಾರದಳತೆ:

ನೂಕುಬಲ ಮರೆತು ಬರೀ ಕರೋನಾವನ್ನು ನೋಡಿದರೆ ಉಪಯೋಗಕ್ಕೇನೂ ಬರ ಇಲ್ಲ. ರಾಯಚೂರಿನಂಥ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಚಿಮಣಿಗೆ ಮೊದಲು ಹಾರುಬೂದಿ ಹಿಡಿಯುವ ಇಎಸ್‌ಪಿ ಇರುತ್ತಲ್ಲ, ಅದರೊಳಗೂ ಇದೇ ತಂತಿ, ಇದೇ ತಗಡು. ಅಯಾನು ಬೂದಿಯ ಕಣಕ್ಕೆ ಅಂಟುತ್ತೆ, ಕಣ ತಗಡಿಗೆ ಅಂಟುತ್ತೆ.

ಮೇಷ್ಟ್ರು ಮೇಳದಲ್ಲಿ ಲಿಫ್ಟರ್ ಪಕ್ಕಕ್ಕೆ ಇದನ್ನೂ ಇಡಬಹುದು. 75 ಮಿ.ಮೀ. ಒಳವ್ಯಾಸದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, 30 ಸೆಂ.ಮೀ. ಉದ್ದ. ಒಳಗೆ ಫಾಯಿಲ್ ಹಾಸಿ, ನೋಡೋಕೆ ಎರಡು ಬೆರಳಗಲ ಕಿಟಕಿ ಬಿಡಿ. ನಟ್ಟನಡುವೆ 0.1 ಮಿ.ಮೀ. ತಂತಿ, ಕೆಳತುದಿಯಲ್ಲಿ ಸಣ್ಣ ನೈಲಾನ್ ಭಾರ ಕಟ್ಟಿ ನೇರ ಮಾಡಿ. ಕೆಳಗಿಂದ ಅಗರಬತ್ತಿ ಹೊಗೆ ಬಿಡಿ. 12-15 ಕಿಲೋವೋಲ್ಟ್ ಕೊಟ್ಟ ಕೂಡಲೇ ಕೊಳವೆ ಕಣ್ಣೆದುರೇ ತಿಳಿಯಾಗುತ್ತೆ. ಹಳೇ ಬ್ಲ್ಯಾಕ್ ಅಂಡ್ ವೈಟ್ ಟಿವಿಯ ಇಎಚ್‌ಟಿ, ಅಂದರೆ ಹೈ ವೋಲ್ಟೇಜ್ ಭಾಗವೇ, ಇದಕ್ಕೆ ಸಾಕು. ನಾಲ್ಕೈದು ಕಡ್ಡಿ ಉರಿದ ಮೇಲೆ ಫಾಯಿಲ್ ಬಿಚ್ಚಿ ಒರೆಸಿದರೆ ಬೆರಳಿಗೆ ಕಂದು ಜಿಡ್ಡು ಹತ್ತುತ್ತೆ. ಲಿಫ್ಟರಿಗಿಂತ ಇದನ್ನೇ ಜನ ಹೆಚ್ಚು ಹೊತ್ತು ನಿಂತು ನೋಡ್ತಾರೆ.

ಫ್ಯಾನಿಲ್ಲದೆ ಚಿಪ್ ತಣ್ಣಗಾಗಿಸೋದು ಇನ್ನೊಂದು ದಾರಿ. ಸೆಕೆಂಡಿಗೆ ಒಂದೆರಡು ಮೀಟರ್ ವೇಗದ ಗಾಳಿ ಸದ್ದಿಲ್ಲದೆ ಸಿಗುತ್ತೆ. ತಂತಿಗೆ ಧೂಳು, ಸಿಲಿಕಾ ಕಟ್ಟಿ ಕೆಲವೇ ವಾರಗಳಲ್ಲಿ ಮಂಕಾಗೋದು ಅದರ ತಲೆನೋವು. ಆಗಾಗ ಒರೆಸುವ ಏರ್ಪಾಡು ಇಲ್ಲದೆ ಮನೆಯಲ್ಲಿ ಕಟ್ಟೋದರಲ್ಲಿ ಅರ್ಥ ಇಲ್ಲ.

ತ್ರಿಕೋನ20:

ಎಲ್ಲರಿಗೂ ಧನ್ಯವಾದ. ಥರ್ಮೋಕೋಲ್ ಪಟ್ಟಿ, 30 ಮಿ.ಮೀ., ಬ್ಯಾಟರಿ, ಮೂರನ್ನೂ ಬದಲಿಸುತ್ತೇನೆ. ಎರಡು ಸಣ್ಣ ಅನುಮಾನ. ಹೊಗೆ ಕೊಳವೆಗೆ ತಂತಿ ಪ್ಲಸ್ಸೋ ಮೈನಸ್ಸೋ? ಡಿವೈಡರಿನಲ್ಲಿ ಮೀಟರ್ 19.1 ತೋರಿಸಿದರೆ 19.1 ಕಿಲೋವೋಲ್ಟ್ ಅಂತಲೇ ಬರೆದುಕೊಳ್ಳಬಹುದೇ?

ಇಎಚ್‌ಟಿ_ಬೆಂಚು:

ತರಗತಿಯಲ್ಲಿ ಪ್ಲಸ್. ಕಾರ್ಖಾನೆಗಳಲ್ಲಿ ಮೈನಸ್ ಕೊಡ್ತಾರೆ, ಕಿಡಿ ಹಾರುವ ಮೊದಲು ಹೆಚ್ಚು ವೋಲ್ಟೇಜ್ ತಡೆಯುತ್ತೆ ಅಂತ. ಆದರೆ ಮೈನಸ್ ಕರೋನಾ ಓಝೋನ್ ಎಷ್ಟೋ ಪಟ್ಟು ಜಾಸ್ತಿ ಉಗುಳುತ್ತೆ, ಜನ ಉಸಿರಾಡುವ ಕೋಣೆಗೆ ಒಗ್ಗಲ್ಲ. ಎಲ್‌ಒಟಿ ಒಳಗಿನ ಡಯೋಡ್ ಹೇಗೂ ಪ್ಲಸ್ಸೇ ಕೊಡೋದು, ಹಾಗೇ ಬಿಡಿ.

19.1 ಅಂತ ಬರೆಯಬೇಡಿ. ಮಲ್ಟಿಮೀಟರ್‌ನದೇ ಒಳರೋಧ 10 ಮೆಗಾಓಂ ಇರುತ್ತೆ, ಅದು ನಿಮ್ಮ 1 ಮೆಗಾಓಂಗೆ ಪ್ಯಾರಲಲ್ ಕೂತು 0.909 ಮಾಡಿಬಿಡುತ್ತೆ. ಓದಿದ್ದನ್ನು 1.1ರಿಂದ ಗುಣಿಸಿ: 21 ಕಿಲೋವೋಲ್ಟ್. ಲಿಫ್ಟರ್ ಜೋಡಿಸಿದಾಗ ಇಷ್ಟೇ ಬರ್ತಿದ್ದರೆ ಪ್ರೈಮರಿಯ 5+5 ಸುತ್ತನ್ನು 4+4 ಮಾಡಿ, ಡಿವೈಡರ್ ನೋಡ್ತಾ, 24 ದಾಟದ ಹಾಗೆ.